ಕಸೂತಿ ಬರುತ್ತೆ, ಕೋಡ್ ಬರಲ್ಲ: ನಿಯಮ ಬರೆದು ಚಿತ್ರ ಬಿಡಿಸೋದು ಹೇಗೆ?

ಪ್ರಶ್ನೆ: ನಾನು ಇಳಕಲ್‌ನವಳು, ಬಿ.ಕಾಂ ಎರಡನೇ ವರ್ಷ. ಅವ್ವನ ಜೊತೆ ಸೀರೆಗೆ ಕಸೂತಿ ಹಾಕುತ್ತೇನೆ, ರಂಗೋಲಿಯೂ ಚೆನ್ನಾಗಿ ಬರುತ್ತದೆ. ಕೋಡ್ ಬರೆದು ಚಿತ್ರ ಬಿಡಿಸುವ ವಿಡಿಯೋಗಳನ್ನು ನೋಡಿದ ಮೇಲೆ ನಾನೂ ಕಲಿಯಬೇಕು ಅನ್ನಿಸಿದೆ. ಪ್ರೋಗ್ರಾಮಿಂಗ್ ಒಂದಕ್ಷರ ಗೊತ್ತಿಲ್ಲ. ಗಣಿತ ಅಂದರೆ ಭಯ, ಇಂಗ್ಲಿಷ್ ಅಷ್ಟಕ್ಕಷ್ಟೇ. ಲ್ಯಾಪ್‌ಟಾಪ್ ಇಲ್ಲ, ಫೋನ್ ಇದೆ. ಎಲ್ಲಿಂದ ಶುರು ಮಾಡಲಿ? ಎಐಗೆ ಹೇಳಿದರೆ ಚಿತ್ರ ಮಾಡಿಕೊಡುವ ಈ ಕಾಲದಲ್ಲಿ ಇದನ್ನು ಕಲಿತರೆ ಉಪಯೋಗ ಇದೆಯಾ?

ಉತ್ತರ: ಧೈರ್ಯವಾಗಿ ಶುರು ಮಾಡಿ. ಬೇರೆಯವರಿಗಿಂತ ನಿಮಗೆ ಬೇಗ ಹತ್ತುತ್ತದೆ ಅಂತ ನನ್ನ ನಂಬಿಕೆ. ಈ ಕೆಲಸದಲ್ಲಿ ಎಲ್ಲರೂ ಒದ್ದಾಡುವುದು ಒಂದೇ ಕಡೆ: ಚಿತ್ರವನ್ನು ನೋಡಿ ಅದರ ಹಿಂದಿನ ನಿಯಮ ಏನು ಅಂತ ಹೇಳುವುದು. ನೀವು ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಹಾಕದೆ, ಎಳೆ ಎಣಿಸಿಕೊಂಡೇ ಗೋಪುರ, ತೇರು, ತುಳಸಿ ಕಟ್ಟೆ ಎಬ್ಬಿಸುತ್ತೀರಿ. ಆ ಎಣಿಕೆಯೇ ನಿಯಮ. ಇಷ್ಟು ದಿನ ಅದು ಬೆರಳಲ್ಲಿತ್ತು, ಈಗ ಅದನ್ನು ಬರೆದಿಡಬೇಕು. ಕೋಡ್ ಅಂದರೆ ಆ ಬರಹವನ್ನು ಯಂತ್ರಕ್ಕೆ ಅರ್ಥವಾಗುವಂತೆ ಟೈಪ್ ಮಾಡುವುದು.

ಹಾಗಾಗಿ ಮೊದಲ ವಾರ ಫೋನ್ ಮುಟ್ಟಬೇಡಿ. ಒಂದು ಚೌಕಳಿ ಹಾಳೆಯ ಪುಸ್ತಕ ತಗೊಳ್ಳಿ. ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬಾಳಿದ ವೆರಾ ಮೊಲ್ನಾರ್ ಅನ್ನುವ ಕಲಾವಿದೆ ಇದ್ದರು. ಅವರ ಕೈಗೆ ಕಂಪ್ಯೂಟರ್ ಸಿಕ್ಕಿದ್ದು 1968ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ, 1959ರ ಹೊತ್ತಿಗೆ, ತನ್ನ ಹತ್ತಿರ ಒಂದು ಯಂತ್ರ ಇದೆ ಅಂತ ಕಲ್ಪಿಸಿಕೊಂಡು, ಅದಕ್ಕೆ ನಿಯಮ ಬರೆದು, ಆ ನಿಯಮವನ್ನು ತನ್ನ ಕೈಯಿಂದಲೇ ಹಾಳೆಯ ಮೇಲೆ ನಡೆಸುತ್ತಿದ್ದರು. 2023ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ. ಈ ಕಲೆಯ ದೊಡ್ಡ ಹೆಸರುಗಳಲ್ಲಿ ಅವರದ್ದು ಮೊದಲ ಸಾಲಿನಲ್ಲಿದೆ. ಲ್ಯಾಪ್‌ಟಾಪ್ ಇಲ್ಲ ಅನ್ನುವ ಚಿಂತೆ ಈಗಲೇ ಬೇಡ.

ಯಾವ ಭಾಷೆ ಕಲಿಯಬೇಕು ಅನ್ನುವುದರ ಮೇಲೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಜಾವಾಸ್ಕ್ರಿಪ್ಟ್ ಅನ್ನುವ ಭಾಷೆಯಲ್ಲಿ ಚಿತ್ರಕ್ಕೆ ಅಂತಲೇ ಮಾಡಿರುವ ಸಾಧನ ಪಿ5 ಜೆಎಸ್ (p5.js). ಲಾರೆನ್ ಮೆಕಾರ್ಥಿ 2013ರಲ್ಲಿ ಇದನ್ನು ಶುರು ಮಾಡಿದರು. ಬೆನ್ ಫ್ರೈ ಮತ್ತು ಕೇಸಿ ರೀಸ್ 2001ರಲ್ಲಿ ಕಲಾವಿದರಿಗಾಗಿ ಮಾಡಿದ ಪ್ರೊಸೆಸಿಂಗ್ ಅನ್ನುವ ಸಾಧನ ಇದಕ್ಕೆ ಮೂಲ. ಪಿ5ನ ಎಡಿಟರ್, ಅಂದರೆ ಕೋಡ್ ಟೈಪ್ ಮಾಡುವ ಜಾಗ, ಬ್ರೌಸರ್‌ನಲ್ಲೇ ತೆರೆಯುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ದುಡ್ಡೂ ಕೊಡಬೇಕಿಲ್ಲ. ಫೋನಿನಲ್ಲೂ ನಡೆಯುತ್ತದೆ, ಆದರೆ ಕೀಬೋರ್ಡ್‌ನಲ್ಲಿ ಬ್ರಾಕೆಟ್ ಹುಡುಕುವುದು ಬೇಜಾರು. ಒಂದು ಮಾತು ನೆನಪಿಡಿ: ಫೋನ್ ತಾನಾಗಿಯೇ ಸಾಲಿನ ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತದೆ. ಈ ಭಾಷೆಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಹೊಸಬರ ಅರ್ಧ ತಪ್ಪು ಅಲ್ಲೇ ಇರುತ್ತದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿಬಿಡಿ.

ಕಾಲೇಜಿನ ಲ್ಯಾಬ್‌ನಲ್ಲಿ ವಾರಕ್ಕೆ ಒಂದೆರಡು ಗಂಟೆ ಕಂಪ್ಯೂಟರ್ ಕೇಳಿ ಪಡೆಯಿರಿ. ಅಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಪೈಥಾನ್ ಅನ್ನುವ ಇನ್ನೊಂದು ಭಾಷೆಯ ಟರ್ಟಲ್ ಸಾಕು, ಅದು ಪೈಥಾನ್ ಜೊತೆಗೇ ಬರುತ್ತದೆ. ಟರ್ಟಲ್ ಅಂದರೆ ಪೆನ್ನು ಕಟ್ಟಿಕೊಂಡ ಆಮೆ. ಮುಂದೆ 100 ಹೋಗು, ಬಲಕ್ಕೆ 90 ತಿರುಗು ಅಂದರೆ ಹಾಗೇ ಹೋಗುತ್ತದೆ, ಹೋದ ದಾರಿಯಲ್ಲಿ ಗೆರೆ ಬೀಳುತ್ತದೆ. 1967ರಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್, ವಾಲಿ ಫ್ಯೂರ್‌ಜೈಗ್ ಮಕ್ಕಳಿಗಾಗಿ ಲೋಗೋ ಅನ್ನುವ ಭಾಷೆ ಮಾಡಿದರು. ಆಮೆ ಆ ಭಾಷೆಯ ಜೊತೆ ಬೆಳೆದದ್ದು. ಪೈಥಾನ್‌ನ ಆಮೆ ಅದರದೇ ಸಂತತಿ.

ಈಗ ಮೊದಲ ಚಿತ್ರ. ಹೂವು, ನವಿಲು ಏನೂ ಬೇಡ. ರಂಗೋಲಿಯ ಚುಕ್ಕಿಗಳನ್ನಷ್ಟೇ ಇಡೋಣ. "15 ಚುಕ್ಕಿ, ಸಂದಿನಲ್ಲಿ ಇಡುತ್ತ 8ಕ್ಕೆ ನಿಲ್ಲಿಸಿ" ಅಂದರೆ ನೀವು ಕಣ್ಣುಮುಚ್ಚಿ ಇಡುತ್ತೀರಿ. ಯಂತ್ರಕ್ಕೆ ಇಷ್ಟು ಹೇಳಿದರೆ ಸಾಲದು. ಅದು ಕೇಳುವ ಪ್ರಶ್ನೆಗಳನ್ನು ನೋಡಿ. ನಡುವಿನ ಸಾಲು ಎಲ್ಲಿದೆ? ಚುಕ್ಕಿಯಿಂದ ಚುಕ್ಕಿಗೆ ಎಷ್ಟು ದೂರ? ಮುಂದಿನ ಸಾಲು ಎಷ್ಟು ಒಳಗಿನಿಂದ ಶುರು? ಸಾಲಿನಿಂದ ಸಾಲಿಗೆ ಎಷ್ಟು ಅಂತರ?

600ಕ್ಕೆ 600ರ ಹಾಳೆ ಅಂದುಕೊಳ್ಳಿ. ಚುಕ್ಕಿಗಳ ನಡುವೆ 40. ನಡುವಿನ ಸಾಲಿಗೆ 0 ಅಂತ ಹೆಸರಿಡಿ, ಮೇಲಿನ ಏಳು ಸಾಲು ಮೈನಸ್ 1ರಿಂದ ಮೈನಸ್ 7, ಕೆಳಗಿನವು 1ರಿಂದ 7. ಒಂದು ಸಾಲು ನಡುವಿನಿಂದ ಎಷ್ಟು ದೂರ ಇದೆಯೋ ಅಷ್ಟನ್ನು 15ರಿಂದ ಕಳೆದರೆ ಆ ಸಾಲಿನ ಚುಕ್ಕಿಗಳ ಸಂಖ್ಯೆ ಸಿಗುತ್ತದೆ. ಸಾಲಿನ ಮೊದಲ ಚುಕ್ಕಿ ಎಡಗಡೆಯಿಂದ 20ರಲ್ಲಿ, ಅದಕ್ಕೆ ಒಂದೊಂದು ಸಾಲಿಗೂ ಇನ್ನೊಂದು 20 ಸೇರಿಸುತ್ತ ಹೋಗಿ. ಇಷ್ಟನ್ನು ಎರಡು ಲೂಪ್‌ಗಳಲ್ಲಿ ಬರೆಯಬಹುದು: ಹೊರಗಿನದು ಸಾಲಿಗೆ, ಒಳಗಿನದು ಚುಕ್ಕಿಗೆ. ಲೂಪ್ ಅಂದರೆ "ಇದನ್ನೇ ಇಷ್ಟು ಸಲ ಮಾಡು" ಅನ್ನುವ ಆಜ್ಞೆ. ಒಟ್ಟು 169 ಚುಕ್ಕಿ ಬೀಳುತ್ತವೆ. ಕೋಡ್ ಮಾತ್ರ ಹತ್ತು ಸಾಲಿನ ಆಸುಪಾಸು.

ಸಾಲುಗಳ ನಡುವೆಯೂ 40 ಅಂತ ಕೊಟ್ಟರೆ ಚಿತ್ರ ಮೇಲಕ್ಕೆ ಎಳೆದಂತೆ ಕಾಣುತ್ತದೆ. ಅಂಗಳದಲ್ಲಿ ನಿಮ್ಮ ಕಣ್ಣೇ ಇದನ್ನು ಸರಿ ಮಾಡಿಕೊಳ್ಳುತ್ತದೆ, ಸಂದಿನ ಚುಕ್ಕಿ ಕೊಂಚ ಹತ್ತಿರ ಬೀಳುತ್ತದೆ. ಯಂತ್ರಕ್ಕೆ 34.64 ಅಂತ ಹೇಳಬೇಕು. ಮೂರೂ ಬದಿ 40 ಇರುವ ತ್ರಿಕೋನದ ಎತ್ತರ ಅದು.

ಇನ್ನು ಮುಂದಿನದೇ ಪಾಠದ ಜೀವಾಳ. ಸಾಲಿಗೆ 20 ಸೇರಿಸುವ ಜಾಗದಲ್ಲಿ 0 ಹಾಕಿ ನೋಡಿ. ಎಲ್ಲ ಸಾಲೂ ಎಡಕ್ಕೆ ಅಂಟಿಕೊಳ್ಳುತ್ತವೆ. 40 ಹಾಕಿ, ಬಲಕ್ಕೆ ಅಂಟುತ್ತವೆ. 10 ಹಾಕಿ. 35 ಹಾಕಿ. ಒಂದು ಸಂಖ್ಯೆ, ಹತ್ತು ರೂಪ. ಹೀಗೆ ಬೇಕಾದಾಗ ಬದಲಿಸಲು ಬರುವಂತೆ ಹೆಸರಿಟ್ಟ ಸಂಖ್ಯೆಯನ್ನೇ ವೇರಿಯಬಲ್ ಅನ್ನುವುದು. ವಿಡಿಯೋ ನೋಡಿ ಇನ್ನೂರು ಸಾಲು ನಕಲು ಮಾಡುವುದಕ್ಕಿಂತ, ನೀವೇ ಬರೆದ ಹತ್ತು ಸಾಲಿನಲ್ಲಿ ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಿ, ಏನಾಯಿತು, ಯಾಕಾಯಿತು ಅಂತ ಪುಸ್ತಕದಲ್ಲಿ ಬರೆದಿಡಿ. ನಾನು ಕಂಡಂತೆ ಕಲಿತದ್ದು ಉಳಿಯುವುದು ಹೀಗೆ ಮಾಡಿದವರಲ್ಲೇ. ಎರಡೆರಡು ಸಂಖ್ಯೆ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗಲ್ಲ.

ರಂಗೋಲಿಯನ್ನು ಕಂಪ್ಯೂಟರ್‌ನವರು ಆಟದ ವಿಷಯ ಅಂತ ನೋಡಿಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಅವರ ಜೊತೆಗಾರರು 1970ರ ದಶಕದಲ್ಲೇ ತಮಿಳುನಾಡಿನ ಕೋಲಂಗೆ ವ್ಯಾಕರಣ ಬರೆದರು. ವಾಕ್ಯ ಕಟ್ಟುವ ನಿಯಮಗಳ ಹಾಗೆಯೇ ಕೋಲಂ ಕಟ್ಟುವ ನಿಯಮಗಳು.

ಪಿ5ನಲ್ಲಿ ಹೊಸಬರು ಮುಗ್ಗರಿಸುವ ಜಾಗಗಳನ್ನು ಮೊದಲೇ ಹೇಳಿಬಿಡುತ್ತೇನೆ. ಅಳತೆ ಶುರುವಾಗುವುದು ಎಡ ಮೇಲ್ಮೂಲೆಯಿಂದ. ವೈ ಹೆಚ್ಚಾದಂತೆ ಕೆಳಗೆ ಹೋಗುತ್ತೀರಿ, ಶಾಲೆಯ ಗ್ರಾಫ್‌ಗೆ ಉಲ್ಟಾ. ಇನ್ನೊಂದು, ರೊಟೇಟ್ ಅಂದರೆ ನಿಮ್ಮ ಚೌಕ ನಿಂತಲ್ಲೇ ತಿರುಗುವುದಿಲ್ಲ, ಇಡೀ ಹಾಳೆ ಆ ಮೇಲ್ಮೂಲೆಯ ಸುತ್ತ ತಿರುಗುತ್ತದೆ, ಚೌಕ ತೆರೆಯಿಂದಾಚೆ ಹೋಗಿಬಿಡುತ್ತದೆ. ಅದಕ್ಕೆ ಮೊದಲು ಟ್ರಾನ್ಸ್‌ಲೇಟ್ ಕೊಟ್ಟು ಆ ಮೂಲೆಯನ್ನು ಬೇಕಾದಲ್ಲಿಗೆ ಸರಿಸಿ, ಆಮೇಲೆ ತಿರುಗಿಸಿ. ಮುಂದಿನ ಚೌಕಕ್ಕೆ ಈ ತಿರುವು ಅಂಟದಿರಲು ಶುರುವಿಗೆ ಪುಶ್, ಕೊನೆಗೆ ಪಾಪ್ ಹಾಕಿ. ಕೋನವನ್ನು ಅದು ರೇಡಿಯನ್ ಅನ್ನುವ ಬೇರೆ ಅಳತೆಯಲ್ಲಿ ಎಣಿಸುತ್ತದೆ, ಡಿಗ್ರಿ ಬೇಕೆಂದು ಮೊದಲೇ ಹೇಳಬೇಕು. ಪಿ5 ಕೋಡ್‌ನಲ್ಲಿ ಸೆಟಪ್, ಡ್ರಾ ಅಂತ ಎರಡು ಭಾಗ: ಸೆಟಪ್‌ನಲ್ಲಿ ಬರೆದದ್ದು ಒಂದೇ ಸಲ ನಡೆಯುತ್ತದೆ, ಡ್ರಾ ಒಳಗೆ ಬರೆದದ್ದು ಸೆಕೆಂಡಿಗೆ 60 ಸಲದಂತೆ ನಡೆಯುತ್ತಲೇ ಇರುತ್ತದೆ. ಚಿತ್ರ ಪಟಪಟ ಅಂತ ಕುಣಿಯುತ್ತಿದ್ದರೆ ಕಾರಣ ಅದು. ನೋಲೂಪ್ ಅಂತ ಒಂದು ಸಾಲು ಹಾಕಿದರೆ ನಿಲ್ಲುತ್ತದೆ.

ತಿರುಗಿಸುವುದು ಕೈಗೆ ಬಂದಿತಾ ನೋಡಲು ಒಂದು ಒಳ್ಳೆಯ ಪರೀಕ್ಷೆ ಇದೆ. ಒಂದು ಚೌಕ ಬಿಡಿಸಿ, ಅದೇ ಕೇಂದ್ರದಲ್ಲಿ ಇನ್ನೊಂದನ್ನು 45 ಡಿಗ್ರಿ ತಿರುಗಿಸಿ ಇಡಿ. ಎಂಟು ಮೂಲೆಯ ನಕ್ಷತ್ರ ಬರುತ್ತದೆ, ನಡುವೆ ಎಂಟು ಬದಿಯ ಜಾಗ. ವಿಜಯಪುರದ ಗೋಳಗುಮ್ಮಟದ ಒಳಗೆ ನಿಂತು ತಲೆ ಎತ್ತಿದರೆ ಕಾಣುವುದು ಇದೇ ಲೆಕ್ಕ: ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ಮೇಲೆ ಎಂಟು ಕಮಾನುಗಳು ಒಂದನ್ನೊಂದು ಹಾದುಹೋಗಿ, ಕೆಳಗಿನ ಚೌಕ ಕೋಣೆಯನ್ನು ಮೇಲಿನ ದುಂಡು ಗುಮ್ಮಟಕ್ಕೆ ಸೇರಿಸುತ್ತವೆ. ಮುಂದಿನ ಸಲ ಹೋದಾಗ ಪಿಸುಮಾತಿನ ಗ್ಯಾಲರಿ ಹತ್ತುವ ಮುಂಚೆ ಕೆಳಗೆ ನಿಂತು ಅದನ್ನು ಬಿಡಿಸಿಕೊಳ್ಳಿ. ಆಮೇಲೆ 45ರ ಬದಲು 10 ಡಿಗ್ರಿಯಂತೆ ಚೌಕಗಳನ್ನು ಇಡುತ್ತ ಹೋಗಿ. ಒಂಬತ್ತಕ್ಕೇ ಸುತ್ತು ಮುಗಿಯುತ್ತದೆ, ಹತ್ತನೆಯದು ಮೊದಲನೆಯದರ ಮೇಲೇ ಕೂರುತ್ತದೆ. ಯಾಕೆ ಅಂತ ಯೋಚಿಸಿ.

ಇನ್ನು ರ‍್ಯಾಂಡಮ್. ಯಂತ್ರಕ್ಕೆ "ಇಷ್ಟರಿಂದ ಇಷ್ಟರೊಳಗೆ ಯಾವುದೋ ಒಂದು ಸಂಖ್ಯೆ ಆರಿಸಿಕೋ" ಅನ್ನುವುದು. ಎಲ್ಲದಕ್ಕೂ ರ‍್ಯಾಂಡಮ್ ಸುರಿದರೆ ಗಜಿಬಿಜಿ ಬಿಟ್ಟು ಏನೂ ಬರುವುದಿಲ್ಲ. ಅದನ್ನು ಎಲ್ಲಿ ಬಿಡಬೇಕು, ಎಷ್ಟು ಬಿಡಬೇಕು ಅನ್ನುವುದರಲ್ಲೇ ಕಲೆಗಾರಿಕೆ ಇದೆ. ಜರ್ಮನಿಯ ಗೆಯೋರ್ಗ್ ನೇಸ್ 1968ರ ಹೊತ್ತಿಗೆ ಮಾಡಿದ ಒಂದು ಚಿತ್ರವನ್ನು ಈಗಲೂ ಎಲ್ಲರೂ ಪಾಠವಾಗಿ ಮಾಡುತ್ತಾರೆ. ಅಡ್ಡಕ್ಕೆ 12, ಉದ್ದಕ್ಕೆ 22 ಚೌಕಗಳು. ಮೇಲಿನ ಸಾಲುಗಳು ನೆಟ್ಟಗೆ ಕೂತಿವೆ. ಕೆಳಗೆ ಬರುತ್ತ ಬರುತ್ತ ಒಂದೊಂದೇ ಓರೆಯಾಗಿ, ಜಾಗ ಬಿಟ್ಟು, ಕೊನೆಗೆ ಚೆಲ್ಲಾಪಿಲ್ಲಿ. ಗುಟ್ಟು ಒಂದೇ ಗುಣಾಕಾರದಲ್ಲಿದೆ: ಮೈನಸ್ 1ರಿಂದ 1ರೊಳಗಿನ ಒಂದು ರ‍್ಯಾಂಡಮ್ ಸಂಖ್ಯೆಯನ್ನು ಸಾಲಿನ ಸಂಖ್ಯೆಯಿಂದ ಗುಣಿಸಿ, ಅಷ್ಟು ಡಿಗ್ರಿ ತಿರುಗಿಸಿ. ಮೇಲಿನ ಸಾಲಿನ ಸಂಖ್ಯೆ 0, ಹಾಗಾಗಿ ಅಲ್ಲಿ ಏನೂ ಅಲುಗುವುದಿಲ್ಲ. ಚುಕ್ಕಿ ಮುಗಿದ ಮೇಲೆ ಇದನ್ನು ಮಾಡಿ. ಚೆನ್ನಾಗಿ ಬಂದ ಚಿತ್ರ ಮತ್ತೆ ಸಿಗಬೇಕು ಅಂದರೆ ರ‍್ಯಾಂಡಮ್‌ಸೀಡ್‌ಗೆ ಯಾವುದಾದರೂ ಒಂದು ಸಂಖ್ಯೆ ಕೊಡಿ. ಅದೇ ಸಂಖ್ಯೆಗೆ ಪ್ರತಿ ಸಲವೂ ಅದೇ ಚಿತ್ರ.

ಈಗ ನಿಮ್ಮ ಕಸೂತಿಗೆ ಬರೋಣ. ನಿಮಗೆ ನಾನು ನಿಜವಾಗಿ ಕೊಡಬೇಕು ಅಂದುಕೊಂಡಿದ್ದು ಇದನ್ನೇ.

ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಮನೆ ಹೊಲಿದು ಒಂದು ಮನೆ ಬಿಡುತ್ತದೆ. ವಾಪಸ್ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಹಾಗಾಗಿಯೇ ಬಟ್ಟೆಯ ಎರಡೂ ಕಡೆ ಒಂದೇ ಚಿತ್ತಾರ. ವಾಪಸ್ ಬರುವುದನ್ನು ಬಿಟ್ಟುಬಿಡಿ, ಹೋಗುವುದನ್ನಷ್ಟೇ ಇಟ್ಟುಕೊಳ್ಳಿ. ಚೌಕಳಿ ಹಾಳೆಯಲ್ಲಿ ಅಡ್ಡ 15 ಮನೆ, ಉದ್ದ 15 ಮನೆ ಗುರುತಿಸಿ. ಅಡ್ಡ ಗೆರೆಗಳು 16, ಉದ್ದ ಗೆರೆಗಳು 16 ಸಿಗುತ್ತವೆ. ಪ್ರತಿ ಗೆರೆಗೂ ಒಂದು ನಾಣ್ಯ ಚಿಮ್ಮಿ. ರಾಜ ಬಿದ್ದರೆ ಮೊದಲ ಮನೆಯಿಂದಲೇ ಹೊಲಿಗೆ ಶುರು, ಹೂ ಬಿದ್ದರೆ ಮೊದಲ ಮನೆ ಬಿಟ್ಟು ಎರಡನೆಯದರಿಂದ. ಆಮೇಲೆ ಒಂದು ಬಿಟ್ಟು ಒಂದು, ಗೆರೆಯ ಕೊನೆತನಕ. ಅಡ್ಡ ಗೆರೆಗಳೆಲ್ಲ ಆದ ಮೇಲೆ ಉದ್ದ ಗೆರೆಗಳಿಗೂ ಹೀಗೇ ಮಾಡಿ.

ಅಡ್ಡ ಗೆರೆ ಮುಗಿದಾಗ ಏನೂ ಕಾಣುವುದಿಲ್ಲ, ಬರೀ ತುಂಡು ಗೆರೆ. ಉದ್ದ ಗೆರೆ ಹಾಕುತ್ತ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ಆಕಾರಗಳು ಮುಚ್ಚಿಕೊಳ್ಳಲು ಶುರುವಾಗುತ್ತವೆ. ಒಳಗೆ ಅಡ್ಡ ಗೆರೆ, ಉದ್ದ ಗೆರೆ ಕೂಡುವ ಯಾವುದಾದರೂ ಒಂದು ಚುಕ್ಕಿಯನ್ನು ಹತ್ತಿರದಿಂದ ನೋಡಿ. ಅದರ ಎಡಕ್ಕೋ ಬಲಕ್ಕೋ ಒಂದೇ ಹೊಲಿಗೆ, ಮೇಲಕ್ಕೋ ಕೆಳಕ್ಕೋ ಒಂದೇ ಹೊಲಿಗೆ. ಒಂದು ಬಿಟ್ಟು ಒಂದು ಅಂತ ಹೊಲಿದಿದ್ದೀರಲ್ಲ, ಬೇರೆ ಹಾಗೆ ಆಗಲು ಸಾಧ್ಯವೇ ಇಲ್ಲ. ಆದ್ದರಿಂದ ಗೆರೆ ಪ್ರತಿ ಚುಕ್ಕಿಯಲ್ಲೂ ತಿರುಗುತ್ತದೆ, ಎಲ್ಲೂ ಕವಲೊಡೆಯುವುದಿಲ್ಲ. ಇದೇ ಕಾರಣಕ್ಕೆ ಇಡೀ ಹಾಳೆಯನ್ನು ಎರಡೇ ಬಣ್ಣದಲ್ಲಿ ತುಂಬಬಹುದು, ಗೆರೆಯ ಆಚೆ ಈಚೆ ಒಂದೇ ಬಣ್ಣ ಬರುವುದೇ ಇಲ್ಲ. ಜಪಾನಿನ ಸಾಶಿಕೋ ಹೊಲಿಗೆಯಲ್ಲಿ ಹಿತೋಮೆಝಾಶಿ ಅಂತ ಒಂದು ಬಗೆ ಇದೆ, ಅದು ನಡೆಯುವುದು ಹೀಗೆಯೇ.

ನಾಣ್ಯ ಬಿಟ್ಟು ನೀವೇ ಆರಿಸಿ ನೋಡಿ. ಎಲ್ಲ ಗೆರೆಗೂ ರಾಜ ಕೊಟ್ಟರೆ ಬಿಡಿಬಿಡಿಯಾದ ಸಣ್ಣ ಚೌಕಗಳು. ರಾಜ, ಹೂ, ರಾಜ, ಹೂ ಅಂತ ಎರಡೂ ದಿಕ್ಕಿಗೆ ಕೊಟ್ಟರೆ ಓರೆಯಾಗಿ ಓಡುವ ಮೆಟ್ಟಿಲುಗಳು. ಆಮೇಲೆ ಹೀಗೆ ಮಾಡಿ: ಮೊದಲ 8 ಗೆರೆಗೆ ಮಾತ್ರ ನಾಣ್ಯ ಚಿಮ್ಮಿ, ಉಳಿದ 8 ಗೆರೆಗೆ ಅದೇ ಪಟ್ಟಿಯನ್ನು ಹಿಂದುಮುಂದಾಗಿ ಬರೆಯಿರಿ. ಅಡ್ಡಕ್ಕೂ ಉದ್ದಕ್ಕೂ ಹೀಗೇ. ಆಗ ಎಡ ಬಲ ಒಂದೇ, ಮೇಲೆ ಕೆಳಗೆ ಒಂದೇ. ಹಾಳೆಯ ನಡುವೆ ಪದಕದಂಥ ಆಕೃತಿ ತಾನಾಗಿ ಕೂರುತ್ತದೆ. ಇದಕ್ಕೆ ಮನೆಗಳ ಸಂಖ್ಯೆ ಬೆಸ ಇರಲೇಬೇಕು. 14 ಮನೆ ತಗೊಂಡರೆ ಗೆರೆಯ ಒಂದು ತುದಿಯಲ್ಲಿ ಹೊಲಿಗೆ, ಇನ್ನೊಂದು ತುದಿಯಲ್ಲಿ ಖಾಲಿ, ಹೊಂದಿಕೆ ಕೆಡುತ್ತದೆ. 16 ಸಲ ಚಿಮ್ಮಿದ ನಾಣ್ಯದಿಂದ 65,536 ಪಟ್ಟಿಗಳು ಹುಟ್ಟುತ್ತವೆ. ಕೈಯಲ್ಲಿ ಒಂದು ಬಿಡಿಸುವುದಕ್ಕೆ ಅರ್ಧ ಗಂಟೆ ಬೇಕು. ಕಂಪ್ಯೂಟರ್ ಬೇಕಾಗುವುದು ಈ ಘಟ್ಟದಲ್ಲಿ. ಬೇಕೆಂದರೆ ಒಂದು ನಿಮಿಷದಲ್ಲಿ ನೂರು ತೋರಿಸುತ್ತದೆ, ಅದರಲ್ಲಿ ಚೆಂದದ್ದು ಯಾವುದು ಅಂತ ಆರಿಸುವ ಕಣ್ಣು ನಿಮ್ಮದು.

ಕೋಡ್‌ನಲ್ಲಿ ಇದಕ್ಕೆ ಬೇಕಾಗುವ ಗಣಿತ ಇಷ್ಟೇ: ಮನೆಯ ಸಂಖ್ಯೆಗೆ ನಾಣ್ಯದ ಸಂಖ್ಯೆ ಕೂಡಿಸಿ, 2ರಿಂದ ಭಾಗಿಸಿ, ಶೇಷ 0 ಬಂದರೆ ಗೆರೆ ಎಳಿ, 1 ಬಂದರೆ ಬಿಡು. ಮನೆಗಳನ್ನು 0ಯಿಂದ ಎಣಿಸಿ, ರಾಜ ಅಂದರೆ 0, ಹೂ ಅಂದರೆ 1.

ಬಟ್ಟೆಯ ಮೇಲೂ ಹಾಕಿ ನೋಡಿ. ಒಂದು ಮನೆಗೆ 4 ಎಳೆ ಅಂತ ಹಿಡಿದರೆ 15 ಮನೆಗೆ 60 ಎಳೆ. ಬಟ್ಟೆ ತಿರುಗಿಸಿದರೆ ಹಿಂದೆ ಬೇರೆಯೇ ಚಿತ್ರ ಕಾಣುತ್ತದೆ. ಮುಂದೆ ಖಾಲಿ ಇದ್ದಲ್ಲೆಲ್ಲ ಅಲ್ಲಿ ಹೊಲಿಗೆ, ಅಂದರೆ ಪ್ರತಿ ರಾಜವೂ ಹೂವಾದ ಚಿತ್ರ. ಒಂದು ಕೋರಿಕೆ ಇದೆ. ಇದನ್ನು ಕಸೂತಿ ಅಂತ ಮಾರಬೇಡಿ. ಕಸೂತಿಯ ತೇರಿಗೆ, ಆನೆಗೆ, ತೊಟ್ಟಿಲಿಗೆ ಒಂದೊಂದಕ್ಕೂ ಅದರದೇ ಎಣಿಕೆ ಇದೆ, ತಲೆಮಾರುಗಳಿಂದ ಹೆಂಗಸರು ಕಾಪಾಡಿಕೊಂಡು ಬಂದದ್ದು. ನಾಣ್ಯ ಚಿಮ್ಮಿ ಬಂದದ್ದು ಬೇರೆ ವಸ್ತು. ಅದಕ್ಕೆ ಬೇರೆ ಹೆಸರಿಡಿ. ಅವ್ವನ ಹತ್ತಿರ ಇರುವ ಹಳೆಯ ಎಣಿಕೆಗಳನ್ನು ಚೌಕಳಿ ಹಾಳೆಯ ಮೇಲೆ ಇಳಿಸಿಟ್ಟುಕೊಳ್ಳುವ ಕೆಲಸವನ್ನೂ ಇದರ ಜೊತೆಗೇ ಮಾಡಿ. ಅವು ಎಷ್ಟೋ ಮನೆಗಳಲ್ಲಿ ಬರವಣಿಗೆಯಲ್ಲಿಲ್ಲ.

ಗಣಿತದ ಭಯ ಇಷ್ಟರಲ್ಲಿ ಸ್ವಲ್ಪ ಇಳಿದಿರಬೇಕು ಅಲ್ವಾ? ಕೂಡು, ಕಳೆ, ಗುಣಿಸು, ಶೇಷ, 360 ಡಿಗ್ರಿ. ಮೊದಲ ಕೆಲವು ತಿಂಗಳು ಇದರಾಚೆ ಹೋಗುವ ಅಗತ್ಯ ಬೀಳುವುದಿಲ್ಲ. ಅಲೆ, ಸುರುಳಿ ಬಿಡಿಸುವಾಗ ಸೈನ್, ಕೊಸೈನ್ ಬೇಕಾಗುತ್ತವೆ, ಅಷ್ಟು ಹೊತ್ತಿಗೆ ಅವು ಯಾಕೆ ಬೇಕು ಅಂತ ನಿಮಗೇ ಗೊತ್ತಿರುತ್ತದೆ. ಇಂಗ್ಲಿಷ್‌ನಲ್ಲಿ ಹದಿನೈದು ಇಪ್ಪತ್ತು ಆಜ್ಞೆಗಳ ಸ್ಪೆಲ್ಲಿಂಗ್ ಕಲಿತರೆ ಸಾಕು. ತುಂಬಾ ಜನರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಪಿ5ನಲ್ಲಿ ವೇರಿಯಬಲ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಸಾಲು, ಅಂತರ, ನಾಣ್ಯ ಅಂತ ಬರೆದರೆ ಅದು ಒಪ್ಪಿಕೊಳ್ಳುತ್ತದೆ. ಅಂಕಿಗಳನ್ನು ಮಾತ್ರ 1, 2, 3 ಅಂತಲೇ ಬರೆಯಬೇಕು.

ಎಐ ವಿಷಯ. ಅದಕ್ಕೆ "ಕಸೂತಿ ಥರದ ಚಿತ್ರ ಮಾಡು" ಅಂದರೆ ಕಸೂತಿಯಂತೆ ತೋರುವ ಚಿತ್ರ ಬರುತ್ತದೆ. ಅದರಲ್ಲಿ ಎಳೆ ಎಣಿಸಲು ಹೋಗಿ, ಲೆಕ್ಕ ಕೂಡುವ ಭರವಸೆ ಇಲ್ಲ. ನಿಯಮದಿಂದ ಹುಟ್ಟಿದ ಚಿತ್ರದಲ್ಲಿ ಪ್ರತಿ ಹೊಲಿಗೆ ಯಾಕೆ ಅಲ್ಲಿದೆ ಅಂತ ನೀವು ಹೇಳಬಲ್ಲಿರಿ, ಬಟ್ಟೆಗೆ ನೇರವಾಗಿ ಇಳಿಸಬಲ್ಲಿರಿ. ಎಐಯನ್ನು ಬೇಡ ಅನ್ನುವುದಿಲ್ಲ. ಎರರ್ ಬಂದಾಗ ಆ ಸಾಲನ್ನು ತೋರಿಸಿ "ಇದು ಯಾಕೆ ತಪ್ಪು, ಕನ್ನಡದಲ್ಲಿ ಹೇಳು" ಅಂತ ಕೇಳಿ. ಇಡೀ ಕೋಡ್ ಬರೆದುಕೊಡು ಅಂತ ಮೊದಲ ಮೂರು ತಿಂಗಳು ಕೇಳಬೇಡಿ. ಬರೆದುಕೊಡುತ್ತದೆ, ಆದರೆ ಸಂಖ್ಯೆ ಬದಲಿಸಿದಾಗ ಏನಾಗುತ್ತದೆ ಅನ್ನುವ ಅಂದಾಜು ನಿಮ್ಮಲ್ಲಿ ಬೆಳೆಯುವುದಿಲ್ಲ.

ಇದರಿಂದ ಕೆಲಸ ಸಿಗುತ್ತದೆ ಅಂತ ನಾನು ಮಾತು ಕೊಡಲಾರೆ. ಬರೀ ಇದರಿಂದಲೇ ಬದುಕುವವರು ಕಡಿಮೆ. ಆದರೆ ಇಲ್ಲಿ ಕಲಿತ ಲೂಪ್, ಶೇಷ, ವೇರಿಯಬಲ್ ಎಲ್ಲ ಪ್ರೋಗ್ರಾಮಿಂಗ್‌ನಲ್ಲೂ ಅವೇ, ವೆಬ್‌ಸೈಟ್ ಕೆಲಸಕ್ಕೂ ಬರುತ್ತವೆ, ಬಿ.ಕಾಂ ಮುಗಿಸಿ ಲೆಕ್ಕದ ಕೆಲಸಕ್ಕೆ ಹೋದರೆ ಅಲ್ಲಿಗೂ ಬರುತ್ತವೆ. ಬಟ್ಟೆ ವಿನ್ಯಾಸದ ಕಡೆ ಹೋಗುವ ಮನಸ್ಸಿದ್ದರೆ ನಿಮಗೆ ಎರಡು ಕಡೆಯ ತಿಳಿವಳಿಕೆ ಇರುತ್ತದೆ. ಎಳೆ ಎಣಿಸಬಲ್ಲ, ಕೋಡ್ ಕೂಡ ಬರೆಯಬಲ್ಲ ಜನ ಹೆಚ್ಚಿಲ್ಲ. ಸರ್ಟಿಫಿಕೇಟ್‌ಗೆ ದುಡ್ಡು ಸುರಿಯುವ ಮೊದಲು ಹತ್ತು ಚಿತ್ರ ಮಾಡಿಟ್ಟುಕೊಳ್ಳಿ. ಒಂದೊಂದರ ಕೆಳಗೂ ಅದರ ನಿಯಮವನ್ನು ಕನ್ನಡದಲ್ಲಿ ಎರಡು ಸಾಲು ಬರೆದು, ಸೀಡ್ ಸಂಖ್ಯೆ ಹಾಕಿ, ಎರಡು ಮೂರನ್ನಾದರೂ ಬಟ್ಟೆಯ ಮೇಲೆ ಹೊಲಿದು ಫೋಟೋ ತೆಗೆದಿಡಿ. ಯಾರಿಗೆ ತೋರಿಸಬೇಕಾದರೂ ಅದನ್ನೇ ತೋರಿಸಿ.